ನಾಲ್ಕನೆಯ ಮನೆಯ ಚಪ್ಪಡಿಗಳು

"ಗುರುಗಳೇ, ಲೆಕ್ಕದ ನಡುವೆ ನನ್ನ ಒಂದು ಬಿಂದುವೇ ಕಾಣೆಯಾಯಿತು. ಎಲ್ಲಿ ತಪ್ಪಿದೆ?" ಎಂದು ಶಿಷ್ಯ ಬೋರಯ್ಯ ಕೇಳಿದ.

ಯಾವುದೇ ಚತುರ್ಭುಜದ ಬಾಹುಗಳ ಮಧ್ಯಬಿಂದುಗಳನ್ನು ಸೇರಿಸಿದರೆ ಒಳಗೆ ಸಮಾಂತರ ಚತುರ್ಭುಜವೇ ಬರುತ್ತದೆಂದು ಸದಿಶಗಳಿಂದ ಸಾಧಿಸಬೇಕಿತ್ತು. ಅವನು ಮೂರು ಸಲ ಮಾಡಿದ್ದ. ಮೂರು ಸಲವೂ 'ಎ' ಬಿಂದು ಹೊಡೆದುಹೋಗಿ, ಅದರ ಅಕ್ಕಪಕ್ಕದ ಎರಡು ಬಿಂದುಗಳಷ್ಟೇ ಉಳಿದಿದ್ದವು. ತಪ್ಪೆಂದು ಹೆದರಿ ಮೂರು ಪುಟಕ್ಕೂ ಅಡ್ಡಗೆರೆ ಎಳೆದಿದ್ದ.

ಗುರುಗಳು ಪುಟ ನೋಡಿ ನಕ್ಕರು. "ಸರಿಯಿದ್ದುದನ್ನು ಅಳಿಸಲು ಇಷ್ಟು ಶಾಯಿ ದಂಡ ಮಾಡಿದೆಯಲ್ಲ! ಕೂತುಕೋ" ಎಂದು ಕತೆ ಹೇಳಿದರು.

ಒಂದು ಬಯಲಿಗೆ ನಾಲ್ವರು ರೈತರು ಮನೆ ಕಟ್ಟಲು ಬಂದರು. ಅವರಲ್ಲೊಂದು ಕಟ್ಟಳೆಯಿತ್ತು. ಅಕ್ಕಪಕ್ಕದ ಎರಡು ಮನೆಗೆ ಒಂದೇ ಬಾವಿ, ಅದೂ ನೇರ ದಾರಿಯ ನಟ್ಟನಡುವೆ. ನೀರು ಹೊರುವ ಹೆಂಗಸರಲ್ಲಿ ಯಾರಿಗೂ ಒಂದು ಹೆಜ್ಜೆ ಹೆಚ್ಚಾಗಬಾರದು. ಮೂವರು ಮನೆ ಕಟ್ಟಿ ತಮ್ಮ ನಡುವೆ ಎರಡು ಬಾವಿ ತೋಡಿದರು. ನಾಲ್ಕನೆಯವನು ಮೊದಲನೆಯವನಿಗೂ ಮೂರನೆಯವನಿಗೂ ನೆರೆಯವನಾಗಬೇಕಿತ್ತು. ಅವನು ಮುನಿಸಿಕೊಂಡು, ತನ್ನ ಮನೆ ಎಲ್ಲೆಂದು ಹೇಳಲೇ ಇಲ್ಲ.

ಬಾವಿಯಿಂದ ಬಾವಿಗೆ ಚಪ್ಪಡಿ ಹಾಸಲು ಕಲ್ಲುಕುಟಿಗನೊಬ್ಬ ಬಂದ. ಮಳೆಗೆ ಹಳ್ಳ ತುಂಬಿ ದಾರಿ ಕಟ್ಟುವ ಮೊದಲು ಕಲ್ಲು ತರಬೇಕಿತ್ತು. ತೋಡಿದ ಎರಡು ಬಾವಿಗಳ ನಡುವೆ ಅಳೆದ. ನಲವತ್ತು ಚಪ್ಪಡಿ. ನಾಲ್ಕನೆಯವನ ಇನ್ನೂ ತೋಡದ ಎರಡು ಬಾವಿಗಳ ನಡುವಿನ ಹಾದಿಗೂ ನಲವತ್ತನ್ನೇ ಕಡಿದ.

"ಮನೆಯಿಲ್ಲ, ಬಾವಿಯಿಲ್ಲ. ಹಾದಿ ಎಷ್ಟುದ್ದವೆಂದು ನಿನಗೇನು ಗೊತ್ತು?" ಎಂದರು ರೈತರು.

"ಅವನ ಆಚೀಚಿನ ಎರಡು ಮನೆ ಅಲುಗದಿದ್ದರೆ ಸಾಕು. ಒಂದು ಚಪ್ಪಡಿ ಹೆಚ್ಚಿದರೂ ಕಮ್ಮಿಯಾದರೂ ಈ ಉಳಿಯನ್ನು ಬಾವಿಗೆ ಎಸೆದು ಹೋಗುತ್ತೇನೆ" ಎಂದ. ಆ ಉಳಿಯೇ ಅವನ ಅನ್ನ.

ಮಾತು ನಾಲ್ಕನೆಯವನ ಕಿವಿಗೆ ಬಿತ್ತು. ಇವನ ಸೊಕ್ಕು ಮುರಿಯುತ್ತೇನೆಂದು, ಕೂಗಿದರೂ ಕೇಳದಷ್ಟು ದೂರ ಹೋಗಿ ಮನೆ ಕಟ್ಟಿದ. ತನಗೂ ನೀರು ದೂರವಾಗುತ್ತದೆಂದು ಪುಣ್ಯಾತ್ಮನಿಗೆ ಹೊಳೆಯಲಿಲ್ಲ. ಕಟ್ಟಳೆಯಂತೆ ಹೆಜ್ಜೆ ಎಣಿಸಿ ಅವನ ಎರಡು ಬಾವಿಗಳನ್ನೂ ನಟ್ಟನಡುವೆ ತೋಡಿದರು.

ಕಲ್ಲುಕುಟಿಗ ಹಾಸತೊಡಗಿದ. ಮೂವತ್ತೆಂಟಾಯಿತು, ಮೂವತ್ತೊಂಬತ್ತಾಯಿತು. ನಲವತ್ತನೆಯದು ಬಾವಿಕಟ್ಟೆಗೆ ತಾಗಿ ನಿಂತಿತು. ನಡುವೆ ಉಗುರು ತೂರಲೂ ಸಂದಿಲ್ಲ. ಎದುರಿನ ಹಾದಿ ಯಾವ ದಿಕ್ಕಿಗೆ ಮುಖ ಮಾಡಿತ್ತೋ ಇದೂ ಅದೇ ದಿಕ್ಕಿಗೆ ಮುಖ ಮಾಡಿತ್ತು. ಹೆಂಗಸರು ಕೊಡ ಇಳಿಸಿ ಕೈಮುಗಿದರು. ಯಾರಿಗೆ ಮುಗಿಯುತ್ತಿದ್ದೇವೆಂದು ಅವರಿಗೇ ತಿಳಿಯಲಿಲ್ಲ.

ನಾಲ್ಕನೆಯವನು ಕೊನೆಯ ಚಪ್ಪಡಿಯನ್ನು ಮುಟ್ಟಿ ನೋಡಿದ. "ಅಯ್ಯಾ, ನಾನು ಎಲ್ಲಿಗೆ ಹೋದರೂ ಇದು ಇಷ್ಟೇ ಇರುತ್ತದೆ ಅಂದರೆ, ನಾನು ಇದ್ದರೇನು, ಬಿಟ್ಟರೇನು?" ಎಂದ.

ಕಲ್ಲುಕುಟಿಗ ಉಳಿಯನ್ನು ಸೊಂಟಕ್ಕೆ ಸಿಕ್ಕಿಸಿ, ಹೊಸ ಬಾವಿಯಿಂದ ನೀರು ಸೇದಿ ಕುಡಿದ.

ಗುರುಗಳು ಅಲ್ಲಿಗೇ ನಿಲ್ಲಿಸಿದರು. ಬೋರಯ್ಯ ತನ್ನ ಪುಟದಲ್ಲಿ ಹೊಡೆದುಹೋದ 'ಎ' ಮೇಲೆ ಬೆರಳಿಟ್ಟು, "ಹಾಗಾದರೆ ಇವನೂ ಬೇಡವಾಗಿದ್ದನೇ?" ಎಂದ.

"ಅವನು ಇಲ್ಲದಿದ್ದರೆ ಆ ಎರಡು ಬಾವಿ ಎಲ್ಲಿರುತ್ತಿದ್ದವು, ಮಗು?" ಎಂದರು ಗುರುಗಳು.