ಅಮಲ್ದಾರರ ಮಗಳ ಫೋಟೋ

ಆಗಿನ ಕ್ಯಾಮೆರಾದ ಮುಂದೆ ಕೊಂಚ ಅಲುಗಿದರೂ ಪಟ ಮಸುಕಾಗುತ್ತಿತ್ತು. ಅಮಲ್ದಾರ್ ತಿರುಮಲರಾಯರು "ಅಲುಗಬೇಡ" ಎಂದು ಗುಡುಗಿದಷ್ಟೂ ಪುಟ್ಟ ಮಗಳು ರುಕ್ಕು ಬೆಚ್ಚಿಬೀಳುತ್ತಿದ್ದಳು. ಫೋಟೋದವನ ಬಳಿ ಪಟ ತೆಗೆಯಲು ಉಳಿದಿದ್ದುದು ಒಂದೇ ಗಾಜಿನ ಪ್ಲೇಟು.

"ಇದೂ ಕೆಟ್ಟರೆ ನಾಳೆಯಿಂದ ಕೆಲಸಕ್ಕೆ ಬರಬೇಡ" ಎಂದು ರಾಯರು ಮಗು ನೋಡಿಕೊಳ್ಳುವ ನಂಜವ್ವನ ಮೇಲೆ ಹರಿಹಾಯ್ದರು.

ನಂಜವ್ವ ಮೆಲ್ಲಗೆ ಹೇಳಿದಳು: "ಬುದ್ಧಿ, ತಾವು ಕ್ಯಾಮೆರಾ ಪಕ್ಕ ನಿಂತು ಬಾಯಿ ಮೇಲೆ ಬೆರಳಿಟ್ಕೊಳ್ಳಿ. ತುಟಿಪಿಟಕ್ಕನ್ನಬೇಡಿ."

ಬೇರೆ ದಾರಿಯಿಲ್ಲದೆ ರಾಯರು ಹಾಗೇ ನಿಂತರು. ರುಕ್ಕು ಕಣ್ಣರಳಿಸಿ ಅಪ್ಪನನ್ನೇ ನೋಡುತ್ತ ಬೊಂಬೆಯಂತೆ ಕುಳಿತುಬಿಟ್ಟಳು. ಪಟ ಸೊಗಸಾಗಿ ಬಂತು.

"ಅದೇನು ಮಾಯ ಮಾಡಿದೆ?" ಎಂದರು ರಾಯರು.

"ಮಾಯ ಏನಿಲ್ಲ ಬುದ್ಧಿ. ತಾವು ಸುಮ್ಮನಿರೋದನ್ನ ಮಗು ಇವತ್ತೇ ಮೊದಲು ನೋಡಿದ್ದು."

ಗದರಲು ಬಾಯಿ ತೆರೆದ ರಾಯರು, ಮಗಳ ಮುಖ ನೋಡಿ ಮುಚ್ಚಿಕೊಂಡರು.