ಬಾಕಿ ಉಳಿದ ಮೂರನೇ ಸುತ್ತು

"ಅಣ್ಣಾ, ಸಂಗವ್ವ ಗುರುಗಳ ಗುಡಿಸಲು ಎಲ್ಲೈತಿ?"

ಬಲೆಯ ಸಿಕ್ಕು ಬಿಡಿಸುತ್ತಿದ್ದ ಅಂಬಿಗ ತಲೆ ಎತ್ತಲಿಲ್ಲ. "ಯಾವ ವರ್ಷದ ಗುಡಿಸಲು?"

ಹೊನ್ನವ್ವನಿಗೆ ನಗುವೂ ಬಂತು, ಸಿಟ್ಟೂ ಬಂತು. ಹನ್ನೆರಡು ವರ್ಷ ದೇಶ ಸುತ್ತಿದವಳು, ಭಾಷೆ ಬಾರದ ಸಂತೆಗಳಲ್ಲಿ ಕೈಸನ್ನೆಯಲ್ಲೇ ದಾರಿ ಕೇಳಿ ತಲುಪಿದವಳು. ಕಣ್ಣು ಮುಚ್ಚಿಕೊಂಡು ಬರಬಲ್ಲೆ ಎಂದುಕೊಂಡಿದ್ದ ಈ ನದಿದಂಡೆಯಲ್ಲಿ ದಾರಿ ತಪ್ಪಿ ನಿಂತಿದ್ದಳು.

"ಹೊಂಗೆಮರದ ಕೆಳಗ ಇತ್ತಲ್ಲ?"

"ಇತ್ತು. ಆ ಮುದುಕಿ ವರ್ಷಕ್ಕೊಮ್ಮೆ ಅದನ್ನ ಬಿಚ್ಚಿಸಿ ನಾಕು ಹೆಜ್ಜಿ ಆಚೆ ಕಟ್ಟಿಸ್ತಾಳ. ಯಾಕಂತ ಕೇಳಿದ್ರ ಬೈತಾಳ. ದಿಬ್ಬದ ಮ್ಯಾಲ ನೋಡು."

ಹೊನ್ನವ್ವ ದಿಬ್ಬದತ್ತ ನಡೆದಳು.

ಸಂಗವ್ವನ ಆಶ್ರಮದಲ್ಲೊಂದು ಪದ್ಧತಿಯಿತ್ತು. ಹೊರಡುವ ಶಿಷ್ಯೆ ಕೂತ ಗುರುವಿಗೆ ಮೂರು ಸುತ್ತು ಬರಬೇಕು. ಮೂರನೆಯದು ಮುಗಿದಾಗ ಗುರು "ಹೋಗಿ ಬಾ" ಅನ್ನಬೇಕು.

ಹೊನ್ನವ್ವ ಎರಡೇ ಸುತ್ತು ಬಂದಿದ್ದಳು.

ಎರಡನೆಯದು ಮುಗಿಯುವಾಗ ಗುರು ಕೇಳಿದ್ದರು, "ಚಂದ್ರ ಭೂಮಿಯನ್ನ ಸುತ್ತತಾನ. ಭೂಮಿ ಚಂದ್ರಗೋಸ್ಕರ ಏನು ಮಾಡ್ತೈತಿ?"

"ಏನು ಮಾಡ್ತೈತಿ! ನಿಮ್ಮಂಗ ಸುಮ್ನ ಕುಂದರ್ತೈತಿ. ಸುತ್ತೋದು ನಮ್ಮ ಹಣೆಬರಹ."

"ತಪ್ಪು."

"ಹಂಗಾದ್ರ ನಾನು ಹೋಗ್ತೀನಿ," ಎಂದಿದ್ದಳು ಹೊನ್ನವ್ವ. "ಹೋಗಿ ಬರ್ತೀನಿ" ಎನ್ನಲಿಲ್ಲ.

ಆಮೇಲೆ ಯಾರದೋ ಜಗುಲಿ, ಯಾರದೋ ಊಟ. ಹೊರಡುವಾಗ ಕೆಲವರು "ಹುಷಾರು" ಎಂದರು, ಕೆಲವರು "ಬಸ್ಸು ಐದಕ್ಕೆ" ಎಂದರು. "ಹೋಗಿ ಬಾ" ಎಂದವರು ಒಬ್ಬರೂ ಇಲ್ಲ. ತಾನು ಇದ್ದರೂ ಹೋದರೂ ಈ ಲೋಕದಲ್ಲಿ ಯಾರೊಬ್ಬರಾದರೂ ಒಂದು ಗೇಣು ಅಲುಗುತ್ತಾರೆಯೇ? ಅದನ್ನು ಕೇಳಲೆಂದೇ ಬಂದಿದ್ದಳು.

ಗುರು ಬಾಗಿಲಲ್ಲೇ ಕೂತಿದ್ದರು. ಮೊದಲಿಗಿಂತ ಇನ್ನಷ್ಟು ದಪ್ಪ.

"ಬಂದ್ಯಾ? ಇನ್ನೂ ಹಂಗ ಕಡ್ಡಿ ಇದ್ದಂಗ ಇದ್ದೀಯಲ್ಲ."

"ನನ್ನ ಪಾಲಿಂದೂ ನೀವ ತಿಂದೀರಿ, ಅವ್ವಾ."

ಗುರು ಹೊಟ್ಟೆ ಕುಲುಕಿಸಿ ನಕ್ಕರು. "ಗುರು ಅಂದ್ರ ಭಾರ ಅಂತನ ಅರ್ಥ."

"ಕೂತ ಜಾಗ ಯಾಕ ಬಿಟ್ರಿ? ನಾ ಎಷ್ಟು ಹುಡುಕಿದೆ!"

"ಒಂದು ಸುತ್ತು ಬಾಕಿ ಐತಿ. ಮೊದಲು ಅದನ್ನ ತೀರಸು."

ಹೊನ್ನವ್ವ ಕೈಮುಗಿದು ಹೆಜ್ಜೆ ಎತ್ತಿದಳು. ಗುರುವೂ ಮೊಣಕಾಲು ಒತ್ತಿಕೊಂಡು ಎದ್ದರು.

"ಕುಂದರ್ರಿ ಅವ್ವಾ. ಸುತ್ತಬೇಕಾದಾಕಿ ನಾನು."

ಗುರು ಎರಡೂ ಕೈ ಕತ್ತರಿ ಹಾಕಿ ಚಾಚಿದರು. "ಫುಗಡಿ ಮರ್ತೀಯೇನು?"

ಮರೆಯುವುದುಂಟೇ? ಹುಡುಗಿಯರಿಬ್ಬರು ಕೈಕೈ ಹಿಡಿದು, ಹಿಂದಕ್ಕೆ ವಾಲಿ, ಗಿರಗಿರ ತಿರುಗುವ ಆಟ. ಹೊನ್ನವ್ವ ಆ ಮುದಿ ಕೈಗಳನ್ನು ಹಿಡಿದಳು.

ತಿರುಗಿದರು. ಗುಡಿಸಲು, ನದಿ, ಆಕಾಶ ಎಲ್ಲವೂ ತಿರುಗಿದವು. ಒಮ್ಮೆ ಅವಳು ಹತ್ತಿರಕ್ಕೆ ಜಗ್ಗಿದಳು. ಇಬ್ಬರೂ ಮುಗ್ಗರಿಸಿದರು.

"ವಾಲು!" ಗುರು ಗದರಿದರು. "ದೂರ ವಾಲು. ಕೈ ಮಾತ್ರ ಬಿಡಬ್ಯಾಡ."

ಸುತ್ತು ಮುಗಿಯಿತು. ಏದುಸಿರು ಬಿಡುತ್ತ ನಿಂತರು. ಮರಳಿನ ಮೇಲೆ ಎರಡು ಉಂಗುರ ಬಿದ್ದಿದ್ದವು. ಒಂದು ದೊಡ್ಡದು. ಅದರೊಳಗೆ ಒಂದು ಪುಟ್ಟದು.

"ದೊಡ್ಡದು ಯಾರ್ದು?"

"ನಂದು. ಹಗುರ ಅದೀನಲ್ಲ, ಓಡಿದೆ."

"ಸಣ್ಣದು?"

ಹೊನ್ನವ್ವ ಪುಟ್ಟ ಉಂಗುರವನ್ನೇ ನೋಡುತ್ತ ನಿಂತಳು. ಒತ್ತೊತ್ತಾಗಿ, ಆಳವಾಗಿ ಊರಿದ ಹೆಜ್ಜೆಗಳು.

"ನಟ್ಟನಡುವ ಯಾರಿದ್ರು?"

"ಯಾರೂ ಇರಲಿಲ್ಲ, ಅವ್ವಾ. ಭೂಮಿನೂ ಸಣ್ಣ ಸುತ್ತು ಸುತ್ತತೈತಿ."

ಅವಳು ತಲೆ ಎತ್ತಿದಳು. ಹೊಂಗೆಮರದ ಕೆಳಗಿನಿಂದ ನೀರು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಈ ದಿಬ್ಬದಿಂದ ಬಸ್ಸು ನಿಲ್ಲುವ ಕಟ್ಟೆಯವರೆಗೂ ಅವಳು ಬಂದ ದಾರಿ ಕಾಣುತ್ತಿತ್ತು.

ಹನ್ನೆರಡು ವರ್ಷ. ವರ್ಷಕ್ಕೆ ನಾಲ್ಕು ಹೆಜ್ಜೆ.

"ಇನ್ನ ನಾನು ಇಲ್ಲೇ ಇರ್ಲೇನು?" ಅವಳ ದನಿ ಸಣ್ಣದಾಗಿತ್ತು.

ಗುರು ಹಿಡಿದಿದ್ದ ಕೈಗಳನ್ನು ಒಮ್ಮೆ ಅದುಮಿ, ಬಿಟ್ಟರು.

"ಮೂರೂ ಮುಗಿದವು, ಹೊನ್ನಿ. ಹೋಗಿ ಬಾ."