ಹುಳವಿಲ್ಲದ ಹುಳುಕು

ತಿಪ್ಪೇಶನದು ಒಂದೆಡೆ ನಿಲ್ಲುವ ಕಾಲಲ್ಲ. ನಾಟಕ ಕಂಪನಿಯ ಹಿಂದೆ ಹೋಗಿದ್ದ, ಲಾರಿ ಹತ್ತಿದ್ದ, ಕೊನೆಗೆ ಹೊಳೆದಂಡೆಯ ಅಡವಯ್ಯನವರ ಮಠಕ್ಕೆ ಬಂದು ಬಿದ್ದಿದ್ದ. ಅಲ್ಲಿ ಕಾಲು ನಿಂತಿತು. ಆಮೇಲೆ ತಲೆ ಶುರುವಾಯಿತು.

ಕಿವಿಯ ಮೇಲ್ಗಡೆ ರೂಪಾಯಿ ಅಗಲದಷ್ಟು ಕೂದಲು ಉದುರಿ ನುಣ್ಣಗಾಯಿತು. ಸ್ವಲ್ಪ ದಿನಕ್ಕೆ ನೆತ್ತಿಯಲ್ಲೊಂದು, ಹಿಂದಲೆಯಲ್ಲೊಂದು.

ಮಠದ ಅಡುಗೆಯ ದ್ಯಾಮವ್ವ ನೋಡಿದಳು. "ಹುಳ ಹತ್ತೈತೆ ಕಣೋ. ಕೂದಲು ಮೇಯ್ತಾ ಐತೆ. ಬೆಳ್ಳುಳ್ಳಿ ಜಜ್ಜಿ ತಿಕ್ಕು."

ತಿಕ್ಕಿದ. ಉರಿಯಿತು. ಉರಿದರೆ ಹುಳ ಸಾಯುತ್ತದೆಂದು ಇನ್ನೂ ತಿಕ್ಕಿದ. ಸಂತೆಯಲ್ಲೊಬ್ಬ ಗುಲಗಂಜಿ ತೇಯ್ದು ಹಚ್ಚು ಎಂದ, ಅದನ್ನೂ ಹಚ್ಚಿದ. ಬೊಬ್ಬೆ ಎದ್ದು ಒಡೆದವು. ತಲೆಗೆ ರುಮಾಲು ಬಂತು.

ಕಾರ್ತೀಕದಲ್ಲಿ ಅವನಿಗೆ ದೀಕ್ಷೆ. ಆ ಮಠದ ದೀಕ್ಷೆಯೆಂದರೆ ಇಷ್ಟೇ: ಎಲ್ಲರೆದುರು ಬರಿದಲೆಯಲ್ಲಿ ಕೂರಬೇಕು, ಗುರು ನೆತ್ತಿಯ ಮೇಲೆ ಅಂಗೈ ಇಡಬೇಕು.

ಅದನ್ನು ನೆನೆದರೆ ತಿಪ್ಪೇಶನಿಗೆ ನಿದ್ದೆ ಹಾರಿಹೋಗುತ್ತಿತ್ತು. ಹುಳ ತಿಂದ ತಲೆ, ಗುರುವಿನ ಕೈ. ಒಂದು ಬೆಳಗ್ಗೆ ಗಂಟು ಕಟ್ಟಿಕೊಂಡು ಹಿಂಬಾಗಿಲಿಂದ ಹೊರಟ.

ಹೊಳೆಯಲ್ಲಿ ಅಡವಯ್ಯನವರು ಬಟ್ಟೆ ಜಾಲಿಸುತ್ತಿದ್ದರು.

"ಇವತ್ತು ಯಾವೂರ ವೈದ್ಯನೋ?"

"ವೈದ್ಯ ಅಲ್ಲ ಅಯ್ಯಾ. ಹೋಗ್ತಿದೀನಿ. ತಲೆಗೆ ಹುಳ ಹತ್ತೈತೆ."

"ನೋಡಿದೆಯಾ ಹುಳಾನ?"

"ಕಣ್ಣಿಗೆ ಕಾಣೋ ಹುಳ ಅಲ್ಲವಂತೆ."

"ಕಾಣದ ಹುಳಕ್ಕೆ ಕಾಣೋ ಗಾಯ ಮಾಡಿಕೊಂಡಿದೀಯ." ಬಟ್ಟೆ ಹಿಂಡಿದರು. "ಹೋಗೋನು ಪೇಟೆಯ ಚರ್ಮದ ಡಾಕ್ಟರ ಹತ್ತಿರ ಹೋಗು. ಹುಳ ಇದೆ ಅಂದರೆ ಹಾಗೇ ಹೋಗಿಬಿಡು. ಇಲ್ಲ ಅಂದರೆ ವಾಪಸ್ ಬಂದು ಹೇಳಿಹೋಗು."

ಸಂಜೆ ಹೊತ್ತಿಗೆ ತಿಪ್ಪೇಶ ವಾಪಸ್ ಬಂದ. ಅಂಗಳದಲ್ಲಿ ಕೂತ, ಎದ್ದ, ಕಂಬ ಸುತ್ತಿದ.

"ಹುಳ ಇಲ್ಲವಂತೆ ಅಯ್ಯಾ."

"ಒಳ್ಳೇದಾಯ್ತಲ್ಲ."

"ಏನು ಒಳ್ಳೇದು! ಮೈಯೊಳಗೆ ಕಾವಲು ಇರುತ್ತಂತೆ, ಹೊರಗಿಂದ ಬಂದ ರೋಗ ಹೊಡೆಯೋಕೆ. ನನ್ನ ಕಾವಲು ನನ್ನ ಕೂದಲಿನ ಬುಡಾನೇ ಶತ್ರು ಅಂದ್ಕೊಂಡು ಹೊಡೀತಾ ಐತಂತೆ. ಯಾರಿಗೂ ಅಂಟಲ್ಲವಂತೆ. ಬುಡ ಸತ್ತಿಲ್ಲವಂತೆ. ಗಾಯ ಮಾಗಿದ ಮೇಲೆ ಬೋಳಾದ ಕಡೆ ಸೂಜಿ ಚುಚ್ಚುತೀನಿ ಅಂದ್ರು ಡಾಕ್ಟರಮ್ಮ."

"ಮತ್ತೇನು ಕುಣಿತ?"

"ಹುಳ ಆಗಿದ್ರೆ ಕೊಲ್ಲಬಹುದಿತ್ತು. ಈಗ ಯಾರನ್ನ ಕೊಲ್ಲಲಿ? ನನ್ನ ಮೈಯೇ ನನಗೆ ದ್ರೋಹ ಬಗೀತು. ಯಾವ ಪಾಪದ ಮೈಯೋ ಇದು!"

ಬೆಳಗಾದ ಮೇಲೆ ಅಡವಯ್ಯನವರು ಹೇಳಿದರು: "ರಾಗಿ ಹೊಲದಲ್ಲಿ ಕಳೆ ಜಾಸ್ತಿಯಾಗಿದೆ. ಕಿತ್ತುಬಿಟ್ಟು ಆಮೇಲೆ ಹೋಗು."

ತಿಪ್ಪೇಶ ಹೊಲಕ್ಕಿಳಿದ. ಒಳಗಿದ್ದ ಸಿಟ್ಟೆಲ್ಲ ಕೈಗೆ ಬಂತು. ಕಾಡುರಾಗಿ ಎಳೆಯದಾಗಿದ್ದಾಗ ಥೇಟ್ ರಾಗಿಯ ಹಾಗೇ ಇರುತ್ತದೆ. ಬುಡ ಬಗ್ಗಿ ನೋಡಬೇಕು, ಬೆರಳಲ್ಲಿ ಮುಟ್ಟಿ ನೋಡಬೇಕು. ಅವನು ನೋಡಲಿಲ್ಲ. ಸರಸರ ಕೀಳುತ್ತಾ ಹೋದ.

ಬುತ್ತಿ ತಂದ ದ್ಯಾಮವ್ವ ಬದುವಿನ ಮೇಲಿಂದಲೇ ಕಿರುಚಿದಳು.

"ಅಯ್ಯೋ ನಿನ್ನ ಕೈ ಸೇದಿಹೋಗ! ರಾಗಿನೇ ಕಿತ್ತು ಗುಡ್ಡೆ ಹಾಕಿದೀಯಲ್ಲೋ! ಮೊದಲೇ ನಿನ್ನ ಮುಖದಲ್ಲಿ ಕಳೆ ಇರಲಿಲ್ಲ, ಈಗ ಹೊಲದಲ್ಲಿ ಬೆಳೆನೂ ಇಲ್ಲ!"

ಅಡವಯ್ಯನವರು ನಿಧಾನ ಬಂದರು. ಗುಡ್ಡೆಯಿಂದ ಒಂದು ಪೈರು ಎತ್ತಿದರು.

"ರಾಗಿ ಮೇಲೆ ಹಗೆ ಇತ್ತೇನೋ?"

"ಇಲ್ಲ ಅಯ್ಯಾ. ಕಳೆ ಅಂದ್ಕೊಂಡೆ."

"ಯಾಕೆ ಕಿತ್ತೆ?"

"ಹೊಲ ಉಳೀಲಿ ಅಂತ."

"ದ್ಯಾಮವ್ವಾ, ಕುಡುಗೋಲು ಕೊಡು. ದ್ರೋಹ ಬಗೆದ ಈ ಕೈಯನ್ನ ತೆಗೆದುಬಿಡೋಣ."

ತಿಪ್ಪೇಶ ಕೈ ಹಿಂದಕ್ಕೆ ಎಳೆದುಕೊಂಡ.

"ಬೇಡವಾ? ಹಾಗಾದರೆ ಈ ಕೈಗೆ ಏನು ಮಾಡಬೇಕು, ನೀನೇ ಹೇಳು."

ಅವನು ಕಿತ್ತ ಪೈರಿನ ಗುಡ್ಡೆ ನೋಡಿದ. "ಸ್ವಲ್ಪ ತಡಿ ಅನ್ನಬೇಕು. ನೋಡಿ ಕೀಳು ಅನ್ನಬೇಕು."

"ಡಾಕ್ಟರಮ್ಮನ ಸೂಜಿಯೂ ಅಷ್ಟೇ ಹೇಳೋದು ಅಂತ ಕಾಣುತ್ತೆ," ಎಂದು ಅಡವಯ್ಯನವರು ಆ ಪೈರನ್ನು ಮತ್ತೆ ಮಣ್ಣಿಗೆ ಊರಿದರು.

ತಿಪ್ಪೇಶ ಅಂದು ಹೋಗಲಿಲ್ಲ. ಬೆಳ್ಳುಳ್ಳಿ, ಗುಲಗಂಜಿ ಹೊಳೆಗೆ ಹೋದವು. ಗಾಯ ಮಾಗಿತು. ಆಮೇಲೆ ಡಾಕ್ಟರಮ್ಮ ಹೇಳಿದಾಗೆಲ್ಲ ಪೇಟೆಗೆ ಹೋಗಿ ತಲೆಯೊಡ್ಡಿದ. ಕಿವಿಯ ಮೇಲೆ ಬಿಳೀ ನವಿರು ಮೂಡಿತು. ಕನ್ನಡಿಯೆದುರು ಕುಣಿದ. ಆ ಕುಣಿತ ಇಳಿಯುವ ಮೊದಲೇ ಹಣೆಯಂಚಿನಲ್ಲಿ ಹೊಸದೊಂದು ಬೋಳು ಕಂಡಿತು.

ಗುರುವಿನ ಹತ್ತಿರ ಓಡಿದ. "ಒಂದು ಕಡೆ ಬರುತ್ತೆ, ಇನ್ನೊಂದು ಕಡೆ ಹೋಗುತ್ತೆ. ಎಲ್ಲ ಬರುತ್ತಾ ಅಯ್ಯಾ?"

"ಡಾಕ್ಟರಮ್ಮ ಏನಂದ್ರು?"

"ಬರಬಹುದು, ಬಂದು ಮತ್ತೆ ಹೋಗಲೂಬಹುದು, ಮಾತು ಕೊಡೋಕಾಗಲ್ಲ ಅಂದ್ರು."

"ಗೊತ್ತಿರೋರೇ ಅಷ್ಟು ಹೇಳಿದಮೇಲೆ ಗೊತ್ತಿಲ್ಲದ ನಾನೇನು ಹೇಳಲಿ?"

"ಹಾಗಾದ್ರೆ ದೀಕ್ಷೆ ಮುಂದಿನ ವರ್ಷಕ್ಕೆ ಹಾಕಿ. ಅಷ್ಟರಲ್ಲಿ ತುಂಬಿಕೊಂಡರೆ..."

"ದೀಕ್ಷೆ ಯಾರಿಗೋ, ನಿನಗಾ, ಕೂದಲಿಗಾ?"

ಕಾರ್ತೀಕ ಬಂತು. ಹಜಾರದ ತುಂಬ ಜನ. ತಿಪ್ಪೇಶ ರುಮಾಲು ಸುತ್ತಿಕೊಂಡೇ ಬಂದು ಕೂತ. ಕಾಲು ಬಾಗಿಲ ಕಡೆಗೇ ಎಳೆಯುತ್ತಿತ್ತು. ಗುರು ಎದುರಿಗೆ ನಿಂತರು. ರುಮಾಲು ಮುಟ್ಟಲಿಲ್ಲ. ಕಾದರು.

ಹಿಂದಿನಿಂದ ದ್ಯಾಮವ್ವ ಗೊಣಗಿದಳು: "ಬಿಚ್ಚೋ, ಸಾರು ಆರ್ತಾ ಐತೆ."

ಯಾರೋ ನಕ್ಕರು. ತಿಪ್ಪೇಶನಿಗೂ ನಗು ಬಂತು. ಆ ನಗುವಿನಲ್ಲೇ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟ.

ಅಂಗೈ ಇಳಿಯಿತು. ನೇರ ನೆತ್ತಿಯ ಬೋಳಿನ ಮೇಲೆ. ಬೆಚ್ಚಗಿತ್ತು.

"ಅಯ್ಯಾ," ಪಿಸುಗುಟ್ಟಿದ, "ಅಲ್ಲಿ ಕೂದಲಿಲ್ಲ."

ಅಡವಯ್ಯನವರು ಕೈ ತೆಗೆಯಲಿಲ್ಲ.

"ಇಷ್ಟು ವರ್ಷ ಕೈಗೆ ಬರೀ ಕೂದಲು ಸಿಗುತ್ತಿತ್ತು. ಇವತ್ತು ತಲೆ ಸಿಕ್ಕಿತು."